ಓದಲು ಕಷ್ಟಪಡುವ ಮಗುವಿಗೂ ಕನ್ನಡ ಪುಸ್ತಕ ಸಿಗಬೇಕು

ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಗುರುತಿಸಿ ಓದಲು ತೊಡಕಾಗುವ ಕಲಿಕಾ ತೊಂದರೆ, ಇರುವ ಮಗನಿಗೆ ಇಂಗ್ಲಿಷ್ ಓದುವುದೇ ಕಷ್ಟ, ಕನ್ನಡ ತರಗತಿ ಬಿಡಿಸಿಬಿಡಲೇ ಎಂದು ಕೇಳಿದ, ಹೊರದೇಶದಲ್ಲಿ ನೆಲೆಸಿರುವ ತಾಯಿಗೆ ಈ ಮಾತು: ದಯವಿಟ್ಟು ಬಿಡಿಸಬೇಡಿ. ಎರಡು ಭಾಷೆ ಕಲಿಯುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಅಜ್ಜಿಯೊಡನೆ ಆಡುವ ಭಾಷೆಯನ್ನು ದೂರ ಮಾಡಿದರೆ ಅವನ ಓದು ಸುಧಾರಿಸುವುದೂ ಇಲ್ಲ. ಅವನಿಗೆ ಬೇಕಿರುವುದು ಒಗ್ಗುವ ಪುಸ್ತಕ. ಅದನ್ನು ಹುಡುಕಿಕೊಡುವುದು ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯದ ಕೆಲಸ, ಸಂಕೋಚವಿಲ್ಲದೆ ಕೇಳಿ.

ಕೇಳುವ ರೀತಿ ಮಾತ್ರ ಮುಖ್ಯ. "ಕನ್ನಡ ಪುಸ್ತಕ ಇದೆಯೇ?" ಎಂದಷ್ಟೇ ಕೇಳಿದರೆ ಇಲ್ಲ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಮಗನ ವಯಸ್ಸೆಷ್ಟು, ಕನ್ನಡ ಕೇಳಿದರೆ ಎಷ್ಟು ಅರ್ಥವಾಗುತ್ತದೆ, ಒತ್ತಕ್ಷರ ಬಂದಾಗ ತಡವರಿಸುತ್ತಾನೆಯೇ, ಯಾವ ಕಥೆಗೆ ಕಿವಿಗೊಡುತ್ತಾನೆ, ಎಲ್ಲವನ್ನೂ ಹೇಳಿ. ಗ್ರಂಥಪಾಲಕರಿಗೆ ಕನ್ನಡ ಬಾರದಿರಬಹುದು, ಓದುಗರ ಅಗತ್ಯ ಅರಿಯುವುದು ಬರುತ್ತದೆ. ಪುಸ್ತಕದ ಹೆಸರು, ಪ್ರಕಾಶಕರ ವಿವರ ನಾವು ಬರೆದುಕೊಡೋಣ. ಕೊಳ್ಳಲಾಗದಿದ್ದರೆ ಬೇರೆ ಗ್ರಂಥಾಲಯದಿಂದ ಎರವಲು ತರಿಸಲು ಸಾಧ್ಯವೇ ಎಂದು ಕೇಳಿ.

ಹುಡುಕುವಾಗ ಒಂದು ವಿಷಯ ನೆನಪಿರಲಿ. ಇಲ್ಲಿನ ಅನೇಕ ಗ್ರಂಥಾಲಯಗಳ ಪುಸ್ತಕ ಸೂಚಿಗಳಲ್ಲಿ ಕನ್ನಡ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿರುತ್ತವೆ, ಅದೂ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವೆನಿಸಿದ ಲೈಬ್ರರಿ ಆಫ್ ಕಾಂಗ್ರೆಸ್ ಬಳಸುವ ಪದ್ಧತಿಯಲ್ಲಿ. ಅಲ್ಲಿ 'ಚ'ಕ್ಕೆ ಸಿ ಮಾತ್ರ, ಎಚ್ ಸೇರುವುದಿಲ್ಲ. ಹೀಗಾಗಿ ಕಪಾಟಿನಲ್ಲೇ ಇರುವ 'ಚೋಮನ ದುಡಿ' ನಮ್ಮ ರೂಢಿಯ ಕಾಗುಣಿತಕ್ಕೆ ಸಿಗದೇ ಹೋಗಬಹುದು.

ಅಮೆರಿಕದಲ್ಲಿ ನೆಲೆಸಿರುವವರಿಗೆ ಇನ್ನೊಂದು ದಾರಿಯಿದೆ, ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಮುದ್ರಿತ ಪುಸ್ತಕ ಓದಲಾಗದವರಿಗೆಂದೇ ಇರುವ ಲೈಬ್ರರಿ ಆಫ್ ಕಾಂಗ್ರೆಸ್‌ನ ಎನ್‌ಎಲ್‌ಎಸ್ (ನ್ಯಾಷನಲ್ ಲೈಬ್ರರಿ ಸರ್ವೀಸ್) ಸೇವೆ 1931ರ ಕಾಯ್ದೆಯಿಂದ ಅಂಧರಿಗಾಗಿ ಆರಂಭವಾಯಿತು. ಈಗ ಡಿಸ್ಲೆಕ್ಸಿಯಾ ಇರುವವರಿಗೂ, ಪುಸ್ತಕ ಹಿಡಿಯಲಾಗದವರಿಗೂ ಉಚಿತವಾಗಿ ಧ್ವನಿಪುಸ್ತಕ ಕೊಡುತ್ತದೆ, ಕೇಳುವ ಯಂತ್ರವೂ ಅಂಚೆಯಲ್ಲೇ ಬರುತ್ತದೆ. ಓದಿನ ತೊಂದರೆಗೆ ಮೊದಲು ವೈದ್ಯರೇ ಸಹಿ ಹಾಕಬೇಕಿತ್ತು. 2021ರಲ್ಲಿ ನಿಯಮ ಸಡಿಲವಾಗಿ ಶಿಕ್ಷಕರು, ಶಾಲೆಯ ಮನಶ್ಶಾಸ್ತ್ರಜ್ಞರು, ಗ್ರಂಥಪಾಲಕರೂ ದೃಢೀಕರಿಸಬಹುದಾಗಿದೆ. ಕಣ್ಣು ಮಂಜಾಗಿ ಕಾದಂಬರಿ ಬದಿಗಿಟ್ಟ ಅತ್ತೆ ಮಾವಂದಿರು ನಿಮ್ಮೊಡನೆ ಇಲ್ಲೇ ನೆಲೆಸಿದ್ದರೆ ಅವರ ಹೆಸರಿನಲ್ಲೂ ಅರ್ಜಿ ಹಾಕಿ. ಕನ್ನಡದ ಧ್ವನಿ ಅಥವಾ ಬ್ರೈಲ್ ಪುಸ್ತಕವನ್ನು ಭಾರತದಿಂದ ತರಿಸಬಹುದೇ ಎಂದೂ ವಿಚಾರಿಸಿ. 2013ರ ಮರ್ರಾಕೇಶ್ ಒಪ್ಪಂದದಲ್ಲಿ ಎರಡೂ ದೇಶಗಳಿವೆ. ಅಂಥ ಪ್ರತಿಗಳು ಗಡಿ ದಾಟಲು ಹಕ್ಕುಸ್ವಾಮ್ಯ ಅಡ್ಡಿಯಾಗಬಾರದೆಂಬುದೇ ಅದರ ಉದ್ದೇಶ.

ಇದೆಲ್ಲ ಕೈಗೂಡುವವರೆಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣ ಸಾಕು. ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿವೆ, ಮುಕ್ತ ಪರವಾನಗಿಯವು, ಅಂದರೆ ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ವಯಸ್ಸು ನೋಡದೆ ಮೊದಲ ಹಂತದಿಂದ ತೊಡಗಿ. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಟ್ಟು ಮುದ್ರಿಸಿಕೊಳ್ಳಿ. ಮೊದಲು ನೀವು ಓದಿ ಹೇಳಿ, ಅವನು ಬೆರಳಿಟ್ಟು ಹಿಂಬಾಲಿಸಲಿ.

ಅಮೆರಿಕದ ಯಾವ ರಾಜ್ಯದಲ್ಲಿದ್ದೀರಿ ಎಂದು ತಿಳಿಸಿದರೆ ನಿಮ್ಮ ಭಾಗದ ಎನ್‌ಎಲ್‌ಎಸ್ ಗ್ರಂಥಾಲಯವನ್ನು ಹುಡುಕಿ ಹೇಳುತ್ತೇನೆ. ಅರ್ಜಿ ತುಂಬುವುದಕ್ಕೂ ಜೊತೆಗಿರುತ್ತೇನೆ.