ಫ್ಯಾಮಿಲಿ ಗ್ರೂಪಿಗೆ ಬಂದ ಹಿಮಕುಸಿತದ ಫಾರ್ವರ್ಡ್

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ): ಹಿಮದ ಬೆಟ್ಟದಲ್ಲಿ ಕೂಗಿದರೆ ಹಿಮ ಕುಸಿಯುತ್ತದೆ! ಸದ್ದಿಲ್ಲದೆ ನಡೆದರೆ ಅಪಾಯವಿಲ್ಲ. ಎಲ್ಲರಿಗೂ ಕಳಿಸಿ 🙏

ಶೈಲಾ ಅತ್ತೆ: ನಮ್ಮ ಹುಡುಗರು ಬಾಯಿ ಮುಚ್ಚಿ ನಡೆದಿದ್ದು ಯಾವಾಗ?

ಕಿರಣ್: ಯಾರು ಹೇಳಿದ್ದು ದೊಡ್ಡಪ್ಪ? ಕೂಗಿಗೆ ಹಿಮ ಕುಸಿಯಲ್ಲ. ಜನ ಸಿಕ್ಕಿಬಿದ್ದ ಕಡೆ ಹೆಚ್ಚಿನ ಸಲ ಅವರದೇ ಗುಂಪಿನ ಭಾರಕ್ಕೆ ಜಾರಿರುತ್ತದೆ.

ದೊಡ್ಡಪ್ಪ: ನಾನು ಏನು ಕಳಿಸಿದರೂ ನಿನ್ನದು ಇದೇ ಪ್ರಶ್ನೆ. ಹಿರಿಯರ ಮಾತಿಗೆ ಬೆಲೆ ಇಲ್ಲ.

ಕಿರಣ್: ಹಾಗಲ್ಲ. ಇದನ್ನು ನಂಬಿ ಸುಮ್ನೆ ಕಡಿದಾದ ಇಳಿಜಾರಿನ ಕೆಳಗೇ ಹೋಗಿಬಿಡುತ್ತಾರೆ.

ಮಧು: ಕಡಿದು ಅಂದ್ರೆ ಎಷ್ಟು?

ಕಿರಣ್: 30ರಿಂದ 45 ಡಿಗ್ರಿ. ಹಿಮದ ಪದರ ಒಟ್ಟಿಗೇ ಕಿತ್ತುಕೊಂಡು ಜಾರೋದು ಬಹುತೇಕ ಅಲ್ಲೇ. 1:25,000ರ ನಕ್ಷೆಯಲ್ಲಿ ಎತ್ತರದಲ್ಲಿ 20 ಮೀಟರಿಗೊಂದು ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸೋ ಗೆರೆ) ಇದ್ದರೆ ಸ್ಕೇಲ್ ಇಟ್ಟು ನೋಡು. ಎರಡು ಗೆರೆಗಳ ನಡುವೆ ಸುಮಾರು 1.4 ಮಿ.ಮೀ. ಇದ್ದರೆ 30 ಡಿಗ್ರಿ. ಇನ್ನೂ ಒತ್ತಾಗಿದ್ದರೆ ಇನ್ನೂ ಕಡಿದು. ಆದರೆ 15 ಮೀಟರ್ ಎತ್ತರದ ಗೋಡೆಯೊಂದು ಆ ಗೆರೆಗಳ ನಡುವೆ ಕಾಣದೇ ಹೋಗಬಹುದು.

ವಿನು: ನಕ್ಷೆ ಅಂದಾಗ ನೆನಪಾಯ್ತು! ಆ ಸಲ ಭಾವ ಅದನ್ನು ತಲೆಕೆಳಗೆ ಹಿಡಿದಿದ್ದರು, ಗಾಳಿಗೆ ಟೋಪಿ ಹಾರಿತ್ತು 😂 ಫೋಟೋ ಯಾರ ಹತ್ತಿರ ಇದೆ?

ಭಾವ: ನಾನು ಸರಿಯಾಗೇ ಹಿಡಿದಿದ್ದೆ. ಶಾರ್ಟ್‌ಕಟ್ ಅಂತ ಎಲ್ಲರನ್ನೂ ಕೊರಕಲಿಗೆ ಇಳಿಸಿದ್ದು ಮಧು. ಅದನ್ನು ಯಾರೂ ಎತ್ತಲ್ಲ.

ಮಧು: ಅಲ್ಲಿ ಗಾಳಿ ಇರಲಿಲ್ಲ, ಅದಕ್ಕೇ ಇಳಿದಿದ್ದು.

ಕಿರಣ್: ಗಾಳಿ ಹೊತ್ತು ತಂದ ಹಿಮ ಗಾಳಿಗೆ ಮರೆಯಾದ ಮಗ್ಗುಲಲ್ಲೇ ದಪ್ಪಗೆ ಕೂರೋದು. ಮೇಲಿಂದ ಸ್ವಲ್ಪ ಜಾರಿದರೂ ಕೊರಕಲಿನಲ್ಲಿ ಆಳವಾಗಿ ತುಂಬಿಕೊಳ್ಳುತ್ತದೆ. ನಿಂತ ಜಾಗ ಸಮತಟ್ಟಾಗಿದ್ದರೆ ಸಾಲದು, ತಲೆಯ ಮೇಲೆ ಏನಿದೆ ಅಂತ ನೋಡಬೇಕು.

ಶೈಲಾ ಅತ್ತೆ: ನಾನು ಆವತ್ತೇ ಹೇಳಿದ್ದೆ.

ಮಧು: ಅತ್ತೆ, ನೀವು ಬಂದೇ ಇರಲಿಲ್ಲ.

ವಿನು: ಫೋಟೋ ಸಿಕ್ತು!! ಎಷ್ಟು ಚಿಕ್ಕವರಿದ್ದೆವು ಎಲ್ಲರೂ ❤️

ಕಿರಣ್: ಹಿಂದೆ ನೋಡಿ. ಬೆಟ್ಟದ ನೆತ್ತಿಯಲ್ಲಿ ಹಿಮ ಹೊರಕ್ಕೆ ಚಾಚಿದೆ, ಅಲ್ವಾ? ಅದರ ಕೆಳಗೆ ಕಾಡಿನ ನಡುವೆ ಮರವೇ ಇಲ್ಲದ ಪಟ್ಟಿ. ಹಿಮ ಮೊದಲೂ ಅಲ್ಲಿಂದ ಇಳಿದಿರಬೇಕು. ನಾವು ಕೂತಿರೋದು ಅದರ ಬುಡದಲ್ಲಿ.

ದೊಡ್ಡಪ್ಪ: ಈ ಸಲದ ದಾರಿ ಹಾಕು. ನಾನೂ ನೋಡುತ್ತೇನೆ.

ಕಿರಣ್: ಹಾಕಿದ್ದೇನೆ. ಎರಡನೇ ದಿನದ ಕಣಿವೆಯಲ್ಲಿ ಎರಡೂ ಕಡೆ ಗೆರೆಗಳು ಒತ್ತಾಗಿವೆ. ದಟ್ಟ ಕಾಡಿರುವ ಅಗಲವಾದ ದಿಣ್ಣೆ ಹಿಡಿದು ಸುತ್ತಿ ಹೋಗೋಣ.

ಮಧು: ದೂರ ಜಾಸ್ತಿ ಆಗುತ್ತೆ.

ಭಾವ: ಆಗಲಿ.