ನಮ್ಮ ಕಾಸರಗೋಡಿನ ಕಡೆ ಆರ್ಕಿಡ್ ಬೆಳೆಸಿದವರು ಸ್ವಲ್ಪ ಅನುಭವ ಹೇಳ್ತೀರಾ?

ಪೆರ್ಲದಿಂದ: ಮನೆ ಹಿಂದೆ ಶೇಡ್ ನೆಟ್ ಹಾಕಿ 50 ಡೆಂಡ್ರೋಬಿಯಂ ಜಾತಿಯ ಆರ್ಕಿಡ್ ಇಡಬೇಕು ಅಂತಿದ್ದೇನೆ. ಹೂ ಮಾರಿದರೆ ಗಿಡದ ದುಡ್ಡಾದರೂ ಹುಟ್ಟಬಹುದಾ?

ಬದಿಯಡ್ಕದಿಂದ: ನಾನು 2019ರಲ್ಲಿ 60 ಗಿಡ ತಂದೆ. ಒಂದಕ್ಕೆ 280 ರೂಪಾಯಿ, ಅಲ್ಲಿಗೇ 16,800 ಆಯಿತು. ಶೇಡ್ ನೆಟ್, ಪೈಪು, ಕೂಲಿ ಸೇರಿ ಇನ್ನೂ 11,400. ಚಟ್ಟಿಯ ಲೆಕ್ಕ ಬೇರೆ. ಮೊದಲನೇ ಆಟಿ ತಿಂಗಳ ಮಳೆಗೇ 23 ಗಿಡ ಹೋದವು. ಬೆಳಿಗ್ಗೆ ಮುಟ್ಟಿದರೆ ಸುಳಿ ಕೈಗೇ ಬರುತ್ತಿತ್ತು. ಬುಡ ಬೆಂದ ಬಸಳೆಯ ಹಾಗೆ ಲೋಳೆ, ಕೆಟ್ಟ ವಾಸನೆ. ಎಲ್ಲ ಚಟ್ಟಿಗೆ ತುಂಬಿದ ತೆಂಗಿನ ಸಿಪ್ಪೆಯಿಂದ ಆದದ್ದು, ನಮ್ಮ ಮಳೆಗೆ ಅದು ಒಣಗುವುದೇ ಇಲ್ಲ. ಈಗ ಬರೀ ಇದ್ದಿಲು, ಹಂಚಿನ ಚೂರು, ಮೇಲೆ ಪ್ಲಾಸ್ಟಿಕ್. ಉಳಿದ 37ರಲ್ಲಿ ಒಂದೂ ಹೋಗಿಲ್ಲ.

ಮುಳ್ಳೇರಿಯದಿಂದ: ಅಕ್ಕಾ, ಸಿಪ್ಪೆಯ ಮೇಲೆ ಯಾಕೆ ಗೂಬೆ ಕೂರಿಸ್ತೀರಿ? ನಾನು ಏಳು ವರ್ಷದಿಂದ ಸಿಪ್ಪೆಯಲ್ಲೇ ಬೆಳೆಸುತ್ತಿದ್ದೇನೆ. ಹತ್ತು ದಿನ ನೆನೆಸಿ, ನೀರು ಬದಲಿಸಿ ಚೊಗರು ತೆಗೆಯಬೇಕು. ನನ್ನ ಗಿಡ ಹಾಳಾದದ್ದು ಬೋರ್ಡೋದಿಂದ, ಅಂದರೆ ತಾಮ್ರ ಇರುವ ಮೈಲುತುತ್ತು-ಸುಣ್ಣದ ಮದ್ದಿನಿಂದ. ಅಡಿಕೆಗೆ ಮದ್ದು ಬಿಡುವಾಗ ಗಾಳಿಗೆ ಹನಿ ಬಂದು ಬಿತ್ತು. ಡೆಂಡ್ರೋಬಿಯಂಗೆ ತಾಮ್ರ ಆಗುವುದಿಲ್ಲ. ಮೊಗ್ಗೆಲ್ಲ ಉದುರಿತು.

ಬದಿಯಡ್ಕದಿಂದ: ಹತ್ತು ದಿನ ನಾನೂ ನೆನೆಸಿದ್ದೆ. ಸುಮ್ನೆ ಗೊತ್ತಿಲ್ಲದವಳ ಹಾಗೆ ಮಾತಾಡಬೇಡಿ.

ಕುಂಬಳೆಯಿಂದ: ಮಾರುವ ಆಸೆ ಬೇಡ. ವೆನಿಲ್ಲಾ ಕೂಡ ಆರ್ಕಿಡ್ಡೇ ಅಲ್ವಾ? ಅದರ ಹೂ ಒಂದೇ ಬೆಳಿಗ್ಗೆ. ನಾನೂ ನನ್ನ ಹೆಂಡತಿಯೂ ಆರು ಗಂಟೆಗೇ ಕಡ್ಡಿ ಹಿಡಿದು ಹೋಗುತ್ತಿದ್ದೆವು. ಒಳಗಿನ ಸಣ್ಣ ಪರದೆ ಎತ್ತಿ ಪರಾಗ ಒತ್ತಬೇಕು, ಇಲ್ಲದಿದ್ದರೆ ಮಧ್ಯಾಹ್ನ ಬಾಡಿ ಉದುರುತ್ತದೆ. 2003ರಲ್ಲಿ ಹಸಿ ಕೋಡು ಕಿಲೋಗೆ ಮೂರು ಸಾವಿರ ದಾಟಿತ್ತು. ನಮ್ಮ 400 ಬಳ್ಳಿ ಫಸಲಿಗೆ ಬರುವಾಗ ರೇಟು ಬಿತ್ತು, ಮತ್ತೆ ಬಳ್ಳಿಗೆ ಕೊಳೆರೋಗ. ಬುಡಸಮೇತ ಕಿತ್ತೆ.

ಉಪ್ಪಳದಿಂದ: ಕೇಳಿದ್ದು ಡೆಂಡ್ರೋಬಿಯಂ. ಇಪ್ಪತ್ತು ವರ್ಷ ಹಿಂದಿನ ವೆನಿಲ್ಲಾ ಕತೆ ಯಾಕೆ?

ಕುಂಬಳೆಯಿಂದ: ಸಾಲ ಕಟ್ಟಿದವನು ನಾನು. ಹೇಳದೆ ಇರಲಾ?

ಎಡನೀರಿನಿಂದ: ಅಂಗಡಿ ಗಿಡ ಎಂತಕ್ಕೆ? ನಮ್ಮ ಹಲಸಿನಲ್ಲಿ ಸೀತಾಳೆ ದಂಡೆ ಇದೆ, ಅದು ನಮ್ಮ ಕಾಡಿನದೇ ಆರ್ಕಿಡ್. ಮಳೆ ಹಿಡಿಯುವ ಹೊತ್ತಿಗೆ ನರಿಬಾಲದ ಹಾಗೆ ಜೋತುಬೀಳುತ್ತದೆ. ಬಿಳಿ ಹೂ, ಮೇಲೆಲ್ಲ ನೇರಳೆ ಚುಕ್ಕಿ. ಅಸ್ಸಾಮಿಗೆ ಅದೇ ರಾಜ್ಯದ ಹೂ.

ಉಪ್ಪಳದಿಂದ: ಕಾಡಿನಿಂದ ಕಿತ್ತದ್ದಲ್ವಾ? ಹೀಗೇ ಎಲ್ಲರೂ ತಂದರೆ ಕಾಡಲ್ಲಿ ಏನು ಉಳಿಯುತ್ತದೆ?

ಎಡನೀರಿನಿಂದ: ಕಿತ್ತದ್ದಲ್ಲ! ಗಾಳಿಗೆ ಮುರಿದುಬಿದ್ದ ನಮ್ಮದೇ ಮಾವಿನ ಗೆಲ್ಲಿನಲ್ಲಿತ್ತು. ಬಾಳೆನಾರಿನಿಂದ ಹಲಸಿಗೆ ಕಟ್ಟಿದೆ, ಮೂರನೇ ವರ್ಷ ಹೂ ಬಿಟ್ಟಿತು. ಜೂನ್‌ನಲ್ಲಿ ಬಂದು ನೋಡಿ, ಆಮೇಲೆ ಮಾತಾಡಿ.