ಅಪ್‌ಡೇಟ್: ಕೊಲೊರಾಡೊದಲ್ಲಿ ನನ್ನ ಮೊದಲ ಎಲ್ಕ್ ಬೇಟೆ

ಅಮೆರಿಕದ ಕೊಲೊರಾಡೊದಲ್ಲಿ ಒಬ್ಬನೇ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋದರೆ ಮಾಂಸ ಕೆಡದಂತೆ ಬೆಟ್ಟದಿಂದ ಇಳಿಸೋದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮೂರು ದಿನ ಏನೂ ಸಿಗಲಿಲ್ಲ. ತಪ್ಪು ನನ್ನದೇ. ಬೆಳಗಿನ ತಂಪಿನಲ್ಲಿ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ತಿರುಗುತ್ತದೆ ಅಂತ ನೀವು ಹೇಳಿದ್ದಿರಿ. ನಾನು ಮಧ್ಯಾಹ್ನವೂ ಕೆಳಗಿನಿಂದಲೇ ಹತ್ತುತ್ತಿದ್ದೆ. ವಾಸನೆ ಹಿಡಿದು ಹಿಂಡು ಪ್ರತಿ ಸಲ ಜಾಗ ಖಾಲಿ ಮಾಡುತ್ತಿತ್ತು.

ನಾಲ್ಕನೇ ದಿನ ಬೆಳಗ್ಗೆ ಮೇಲಿನಿಂದ ಬರೋಣ ಅಂದರೆ ಗಾಳಿ ಕೆಳಮುಖ, ಅಲ್ವಾ? ಅದಕ್ಕೇ ಬಿಸಿಲೇರುವವರೆಗೆ ಕಾದೆ. ಆಮೇಲೆ ಮೇಲಿನಿಂದ ಇಳಿದೆ. ಒಂದು ಹೆಣ್ಣು ಎಲ್ಕ್ ಸಿಕ್ಕಿತು. ತಕ್ಷಣ ಚರ್ಮ ಸುಲಿದೆ, ತೊಡೆಗಳನ್ನು ಬೇರೆ ಮಾಡಿದೆ, ಗಾಳಿಯಾಡುವ ಬಟ್ಟೆ ಚೀಲಗಳಲ್ಲಿ ನೆರಳಿನಲ್ಲಿ ತೂಗುಹಾಕಿದೆ. ಹೆಣ್ಣು ಅಂತ ತೋರಿಸುವ ಅಂಗವನ್ನು ಕತ್ತರಿಸದೆ ಮಾಂಸದ ಜೊತೆಗೇ ಬಿಡಬೇಕು ಅನ್ನೋ ನಿಯಮ ನೆನಪಿಸಿದವರಿಗೆ ವಿಶೇಷ ವಂದನೆ.

ಮಾಂಸ ಹೊತ್ತುಕೊಂಡು ಬೆಟ್ಟ ಇಳಿಯುವಾಗ ಕಿತ್ತಳೆ ಜಾಕೆಟ್ ಹಾಕಿದ್ದ ಇಬ್ಬರು ಸಿಕ್ಕರು. ಪರಿಚಯವೇ ಇಲ್ಲ. ಅವರ ಬೇಟೆ ಬಿಟ್ಟು ನನ್ನ ಜೊತೆ ಎರಡು ಸುತ್ತು ಹೊತ್ತರು. ದುಡ್ಡು ಬೇಡ ಅಂದರು. ಬಲವಂತ ಮಾಡಿ ಬೆನ್ನಿನ ಮಾಂಸ ಕೊಟ್ಟೆ.

ಎಲ್ಕ್ ಮಾಂಸದಲ್ಲಿ ಕೊಬ್ಬು ಕಡಿಮೆ, ಸಣ್ಣ ಉರಿಯಲ್ಲೇ ಬೇಯಿಸಿ. ಮಡಿಕೇರಿಯಿಂದ ಅಮ್ಮ ಕಳಿಸಿದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಹಾಕಿ ಕರಿ ಮಾಡಿದೆ. ತುಂಬಾ ಚೆನ್ನಾಗಿ ಬಂತು.